ಇಟ್ಟಿಗಿಯ ಹೊಲದಲ್ಲಿ ಆದ ಬಾಯಾರಿಕೆ

ಸತ್ತವರಿಗೆ ಹಸಿವು ಬಾಯಾರಿಕೆ ಇರುತ್ತದೆಂದು ಯಾರಾದರೂ ಹೇಳಿದರೆ ನಾನು ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ಇತಿಹಾಸದ ಉಪನ್ಯಾಸಕಿ ನಾನು. ಇಂಥ ನಂಬಿಕೆಗಳನ್ನು ಪಾಠ ಮಾಡಿದ್ದೇನೆಯೇ ಹೊರತು ಅವುಗಳಿಗೆ ಹೆದರಿದವಳಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಒತ್ತಾಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೊಟ್ಟೂರಿನ ಪಿಯು ಕಾಲೇಜಿನಲ್ಲಿ ನಾನು ಪ್ರಾಚೀನ ನಾಗರಿಕತೆಗಳ ಪಾಠ ಮಾಡುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಕನ್ನಡ ಕಲಿಸುತ್ತಿದ್ದವಳು ಗಿರಿಜಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು, ಮದುವೆಯಾಗಿರಲಿಲ್ಲ. ಊರು ಹಡಗಲಿ ತಾಲ್ಲೂಕಿನ ಇಟ್ಟಿಗಿ. ಒಂದು ದಿನ ಸುಮೇರಿಯದ ಪಾಠ ಮುಗಿಸಿ ಹೊರಬಂದಾಗ ಬಾಗಿಲಲ್ಲೇ ನಿಂತಿದ್ದಳು. "ಗ್ವಾಡಿ ಆ ಕಡಿಯಿಂದ ಎಲ್ಲಾ ಕೇಳಿದೆ ತಂಗಿ. ಇಷ್ಟು ಚಂದ ಐತಿ, ಕನ್ನಡದಾಗ ಒಂದು ಪುಸ್ತಕ ಯಾಕ ಬರಿಬಾರದು ನಾವು?" ಎಂದಳು.

ಹಾಗೆ ಶುರುವಾಯಿತು. ನಾಲ್ಕು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ ಮಧ್ಯಾಹ್ನ, ನಮ್ಮ ಮನೆಯ ಪಡಸಾಲೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಇಟ್ಟುಕೊಂಡು ಕೂಡುತ್ತಿದ್ದೆವು. ನಾನು ಇಂಗ್ಲಿಷ್ ಪುಸ್ತಕಗಳನ್ನು ಓದಿ ಟಿಪ್ಪಣಿ ಮಾಡಿ ಬರೆಯುವುದು, ಅವಳು ಕನ್ನಡ ತಿದ್ದುವುದು. ಸುಮೇರಿಯದ ದೇವರುಗಳು, ವೀರರು, ಅವರ ಸಾವು, ಇವೇ ನಮ್ಮ ಅಧ್ಯಾಯಗಳು. ಮೂರರಲ್ಲಿ ಎರಡು ಪಾಲು ದೇವರೇ ಆಗಿದ್ದ ಅರಸನೂ ಸಾಯಬೇಕಾದ ಕಥೆ ಬರೆದ ದಿನ ಗಿರಿಜಕ್ಕನಿಗೆ ಸಿಟ್ಟು ಬಂದಿತ್ತು. "ದೇವ್ರು ಜೀವ ತಾವು ಇಟ್ಕಂಡು ಸಾವು ನಮಗ ಕೊಟ್ರು ಅಂದ್ರ ಇದು ಮೋಸ ಅಲ್ಲೇನು?" ಎಂದು ನನ್ನನ್ನೇ ಬೈಯುವಂತೆ ಕೇಳಿದಳು. ಆಮೇಲೆ ಆ ಅರಸ, ಜೀವ ಉಳಿಯದಿದ್ದರೆ ಹೆಸರಾದರೂ ಉಳಿಯಲಿ ಎಂದು ದೂರದ ದೇವದಾರು ಕಾಡಿಗೆ ಹೊರಟ ಭಾಗವನ್ನು ಎರಡು ಸಲ ಓದಿಸಿಕೊಂಡಳು. "ನಮ್ಮ ಹೊಲದ ಬದುವಿನ್ಯಾಗ ಒಂದು ವೀರಗಲ್ಲು ಐತಿ. ಯಾರದಂತ ಯಾರಿಗೂ ಗೊತ್ತಿಲ್ಲ. ಎಮ್ಮಿ ಮೈ ತಿಕ್ಕತಾವು" ಎಂದಳು.

ಸುಮೇರಿಯದ ಜನರ ಪಾತಾಳದಲ್ಲಿ ಸತ್ತವರಿಗೆ ಮಣ್ಣೇ ಊಟ. ಬದುಕಿರುವವರು ಗೋರಿಗೆ ನೀರು ಎರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಕ್ಕಳಿಲ್ಲದವರ ಪಾಡು ಕೇಳುವುದೇ ಬೇಡ. ಅದನ್ನು ಬರೆಯುವಾಗ ಅವಳು ನಗುತ್ತಲೇ, "ನನಗ್ಯಾರದಾರ? ನೀ ಬಂದು ಒಂದು ಚಂಬು ನೀರು ಹಾಕು ಸಾಕು" ಎಂದಳು. ನಾನೂ ನಗುತ್ತ, "ಹಾಕ್ತೀನಿ ಬಿಡಕ್ಕ" ಎಂದೆ.

ಹಸ್ತಪ್ರತಿ ಮುಗಿದಾಗ, ಕೊನೆಯದಾಗಿ ಒಮ್ಮೆ ತಿದ್ದಿಕೊಡುತ್ತೇನೆಂದು ತೆಗೆದುಕೊಂಡು ಹೋದಳು. ಆಮೇಲೆ ರಜೆ ಹಾಕಿದಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಎತ್ತಿದರೂ "ಊರಾಗ ಕೆಲಸ ಐತಿ" ಎನ್ನುತ್ತಿದ್ದಳು. ಮೂರು ತಿಂಗಳಿಗೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೋ ಬಂತು, ಕೆಳಗೆ ಶ್ರದ್ಧಾಂಜಲಿ. ಕ್ಯಾನ್ಸರ್ ಇತ್ತಂತೆ. ಅವಳಿಗೆ ವರ್ಷದ ಹಿಂದೆಯೇ ಗೊತ್ತಿತ್ತಂತೆ. ಮಣ್ಣು ಮಾಡಿದ ಮರುದಿನ ನನಗೆ ತಿಳಿಯಿತು. ಅಷ್ಟು ಭಾನುವಾರಗಳಲ್ಲಿ ಒಂದು ಮಾತೂ ಹೇಳಲಿಲ್ಲವಲ್ಲ ಎಂದು ವಾರಗಟ್ಟಲೆ ಅತ್ತೆ.

ಆ ಅಳು ನಿಂತದ್ದು ಕಾಲೇಜಿನ ಲೈಬ್ರರಿಯಲ್ಲಿ. "ಮೇಡಂ, ಗಿರಿಜಾ ಮೇಡಂ ಪುಸ್ತಕ ಬಂದೈತಿ ನೋಡ್ರಿ" ಎಂದು ಲೈಬ್ರರಿಯವರು ಕೈಗೆ ಕೊಟ್ಟರು. ಮುಖಪುಟದ ಮೇಲೆ ಅವಳೊಬ್ಬಳದೇ ಹೆಸರು. ಒಳಗೆ ನನ್ನ ವಾಕ್ಯಗಳು, ನನ್ನ ಅಧ್ಯಾಯಗಳು. ಒಬ್ಬ ದೇವತೆಯ ಹೆಸರನ್ನು ನಾನು ತಪ್ಪಾಗಿ ಬರೆದಿದ್ದೆ, ಆ ತಪ್ಪೂ ಹಾಗೇ ಇತ್ತು. ಅರಿಕೆಯಲ್ಲಿ ತಮ್ಮನಿಗೆ, ತಾಯಿಗೆ, ಮುದ್ರಕರಿಗೆ ಕೃತಜ್ಞತೆ ಇತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ. ಸಾಯುತ್ತಿದ್ದವಳು ಕುಳಿತು, ಆಲೋಚಿಸಿ, ನನ್ನನ್ನು ಅಳಿಸಿದ್ದಳು.

ಏಪ್ರಿಲ್ ತಿಂಗಳ ಒಂದು ದಿನ ಇಟ್ಟಿಗಿಗೆ ಬಸ್ ಹತ್ತಿದೆ. ಬ್ಯಾಗಿನಲ್ಲಿ ನನ್ನ ಹಳೆಯ ಟಿಪ್ಪಣಿ ಪುಸ್ತಕಗಳಿದ್ದವು. ಅವಳ ತಮ್ಮ ಕೊಟ್ರೇಶನ ಮುಂದೆ ಅವನ್ನೆಲ್ಲ ಹರಡಿ, ನಿಮ್ಮಕ್ಕ ಇಂಥವಳು ಎಂದು ಹೇಳಿಬರುವುದೇ ನನ್ನ ಉದ್ದೇಶವಾಗಿತ್ತು. ಆದರೆ ಕೊಟ್ರೇಶ ನನ್ನನ್ನು ಕೈಹಿಡಿದಂತೆ ಒಳಗೆ ಕರೆದೊಯ್ದು ದೇವರ ಜಗಲಿ ತೋರಿಸಿದ. ಲಿಂಗದ ಪಕ್ಕದಲ್ಲಿ ಆ ಪುಸ್ತಕ, ಮೇಲೆ ವಿಭೂತಿ, ಎರಡು ಕಣಗಿಲೆ ಹೂವು. "ಅಕ್ಕ ಹೋದ್ಲು, ಹೆಸರು ಉಳೀತು ನೋಡ್ರಿ ಮೇಡಂ. ನಮ್ಮ ಮನಿತನದಾಗ ಬುಕ್ಕು ಬರದಾಕಿ ಆಕಿ ಒಬ್ಬಾಕಿನ" ಎನ್ನುತ್ತ ಕಣ್ಣೊರೆಸಿಕೊಂಡ. ಬ್ಯಾಗಿನ ಜಿಪ್ಪು ತೆಗೆಯಲಾಗಲಿಲ್ಲ.

ಅವನ ಹೆಂಡತಿ ಸುಮಂಗಲಾ ತಾನಾಗಿಯೇ, "ಬರ್ರಿ, ಹೊಲಕ್ಕ ಹೋಗಿ ಬರೂಣು" ಎಂದು ಎಬ್ಬಿಸಿದಳು. ಗಿರಿಜಕ್ಕನನ್ನು ಹೊಲದಲ್ಲೇ ಮಣ್ಣು ಮಾಡಿದ್ದರು. ಹನ್ನೆರಡೂವರೆಯ ಬಿಸಿಲು. ಸುಮಂಗಲಾ ಚಂಬು ಹಿಡಿದುಕೊಂಡು ಬೋರಿನ ತೊಟ್ಟಿಯ ಹತ್ತಿರ ನಿಂತಳು, ನಾನೊಬ್ಬಳೇ ಮುಂದೆ ಹೋದೆ. ಸಮಾಧಿ ಇನ್ನೂ ಕಟ್ಟಿಸಿರಲಿಲ್ಲ. ಬಿರಿದ ಮಣ್ಣಿನ ದಿಬ್ಬ, ಸುತ್ತ ನಾಲ್ಕು ಕಲ್ಲು. ಮನೆಯಲ್ಲಿ ಆಡಲಾಗದ ಮಾತನ್ನೆಲ್ಲ ಅಲ್ಲಿ ಆಡಿದೆ. ಕಳ್ಳಿ ಎಂದೆ. ಕೊನೆಗೆ, "ನೀರು ಹಾಕಂಗಿಲ್ಲ. ನಿನಗ ಮಣ್ಣ ಗತಿ" ಎಂದು ಬೆನ್ನು ತಿರುಗಿಸಿದೆ.

ಹತ್ತು ಹೆಜ್ಜೆ ಹೋಗಿರಬಹುದು. ಬಾಯಾರಿತು. ಬ್ಯಾಗಿನಲ್ಲಿದ್ದ ಬಾಟಲಿ ತೆಗೆದು ಅಷ್ಟೂ ಕುಡಿದೆ. ಏನೂ ಆಗಲಿಲ್ಲ. ತೊಟ್ಟಿಯ ಹತ್ತಿರ ಓಡಿ, ಸುಮಂಗಲಾಳ ಕೈಯಿಂದ ಚಂಬು ಕಿತ್ತುಕೊಂಡು ಕುಡಿಯತೊಡಗಿದೆ. ಎರಡು ಚಂಬು, ಮೂರು, ನಾಲ್ಕು. ನೀರು ಗಂಟಲಿನಲ್ಲಿ ಇಳಿಯುವುದು ಗೊತ್ತಾಗುತ್ತಿತ್ತು, ಸೀರೆಯ ಮುಂಭಾಗವೆಲ್ಲ ತೊಯ್ದಿತ್ತು, ಆದರೆ ನಾಲಿಗೆಗೆ ಮಾತ್ರ ಒದ್ದೆ ತಾಗುತ್ತಿರಲಿಲ್ಲ. ಬಾಯಿ ತುಂಬ ಒಣ ಮಣ್ಣು ತುಂಬಿದ ಹಾಗೆ. ಹಲ್ಲಿನ ನಡುವೆ ಅದು ಕರಕರ ಎನ್ನುತ್ತಿತ್ತು. ಬೆರಳು ಹಾಕಿ ನೋಡಿಕೊಂಡೆ, ಏನೂ ಇರಲಿಲ್ಲ.

"ಸಾಕ್ರಿ ಮೇಡಂ, ಹೊಟ್ಟಿ ಒಡದೀತು!" ಎಂದು ಸುಮಂಗಲಾ ಚಂಬು ಹಿಡಿದುಕೊಂಡಳು. ಅವಳ ಮುಖ ಬಿಳಿಚಿತ್ತು. "ಅಕ್ಕಾರೂ ಕಡೀಗೆ ಹಿಂಗ ಮಾಡತಿದ್ರು. ಎಷ್ಟು ಕುಡಿಸಿದ್ರೂ ಬಾಯಾಗ ಮಣ್ಣು ಐತಿ, ಮಣ್ಣು ಐತಿ ಅಂತಿದ್ರು."

ನನ್ನ ಬಾಯಿ ಹೇಗಿದೆ ಎಂದು ನಾನು ಅವಳಿಗೆ ಒಂದಕ್ಷರವೂ ಹೇಳಿರಲಿಲ್ಲ.

ಚಂಬು ತುಂಬಿಕೊಂಡು ತಿರುಗಿ ಹೋದೆ. ಕರುಣೆಯಿಂದ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಭಯದಿಂದ ಹೋದೆ. ದಿಬ್ಬದ ಮೇಲೆ ನೀರು ಸುರಿದೆ. ಮಣ್ಣು ಅದನ್ನು ಸದ್ದು ಮಾಡುತ್ತ ಹೀರಿಕೊಂಡಿತು. ಚಂಬು ಬರಿದಾಗುವ ಹೊತ್ತಿಗೆ ನನ್ನ ಬಾಯಲ್ಲಿ ನೀರೂರಿತು. ಅಲ್ಲೇ ಕುಕ್ಕರಿಸಿ, ಕುಡಿದದ್ದನ್ನೆಲ್ಲ ವಾಂತಿ ಮಾಡಿಕೊಂಡೆ.

ಕೊಟ್ರೇಶನಿಗೆ ಏನೂ ಹೇಳದೆ ಹೊರಟುಬಿಟ್ಟೆ. ಬಸ್ಸಿನವರೆಗೆ ಬಂದ ಸುಮಂಗಲಾ ತಡೆಯಲಾರದೆ ಒಂದು ಮಾತು ಹೇಳಿದಳು. "ಅಕ್ಕಾರು ಹೋಗೂಕಿಂತ ಮುಂಚೆ ನನಗ ಹೇಳಿದ್ರು. ಕೊಟ್ಟೂರು ಮೇಡಂ ಒಂದಿನ ಸಿಟ್ಟಿಲೆ ಬರತಾಳ. ಬಂದ್ರ ಏನೂ ಕೇಳಬ್ಯಾಡ, ಹೊಲಕ್ಕ ಕರಕಂಡು ಹೋಗು ಅಂತ."

ಬಿಸಿಲಿಗೆ ಹಾಗಾಗುತ್ತದೆ ಎಂದರು ಡಾಕ್ಟರು. ಮನಸ್ಸಿಗೆ ಪೆಟ್ಟು ಬಿದ್ದಾಗ ಬಾಯಿ ಒಣಗುತ್ತದೆ ಎಂದರು ನನ್ನ ಗಂಡ. ಇರಬಹುದು. ಬೇರೆಯವರಿಗೆ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನನ್ನ ಹಲ್ಲಿನ ನಡುವೆ ಕರಕರ ಎಂದದ್ದೇನು ಎಂಬುದಕ್ಕೆ ಇಬ್ಬರಲ್ಲೂ ಉತ್ತರವಿಲ್ಲ. ಇಷ್ಟು ವರ್ಷಗಳಾದರೂ ನನ್ನಲ್ಲೂ ಇಲ್ಲ.

ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ಸಿಟ್ಟಿನಿಂದ ಬರುತ್ತೇನೆಂದು ಅವಳಿಗೆ ಗೊತ್ತಿತ್ತು. ಅಂದರೆ ತಾನು ಮಾಡಿದ್ದು ಏನೆಂಬುದೂ ಗೊತ್ತಿತ್ತು. ಗೊತ್ತಿದ್ದೂ ಒಂದು ಸಾಲಿನ ಕ್ಷಮೆ ಬರೆದಿಡಲಿಲ್ಲ, ನನ್ನನ್ನು ಆ ದಿಬ್ಬದವರೆಗೆ ಕರೆಸಿಕೊಳ್ಳುವ ಏರ್ಪಾಡು ಮಾತ್ರ ಮಾಡಿ ಹೋದಳು. ಆ ದಿನ ಅವಳು ನಿಜವಾಗಿ ಬಾಯಾರಿದ್ದಳೋ, ಅಥವಾ ನನ್ನನ್ನು ಇನ್ನೊಂದು ಸಲ ಬಳಸಿಕೊಂಡಳೋ, ನನಗೆ ತಿಳಿಯದು.