ಸತ್ತ ಸೋದರತ್ತೆಯ ಕಾಫಿ
ನಮ್ಮ ಬೀದಿಯ ಹಳೇ ಕಾದಂಬರಿಕಾರರಿಗೆ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಎದೆ ಡವಡವ ಎನ್ನುತ್ತದೆ. ಮೂವತ್ತು ವರ್ಷದ ಹಿಂದೆ ಅಚ್ಚಾದ ಅವರ ಕಾದಂಬರಿಯ ಮೂರನೇ ಅಧ್ಯಾಯದಲ್ಲಿ ಸತ್ತ ಸೋದರತ್ತೆ, ಹದಿನಾಲ್ಕನೆಯದರಲ್ಲಿ ಬಂದು ಕಾಫಿಗೆ ಸಕ್ಕರೆ ಸಾಲದೆಂದು ಗೊಣಗುತ್ತಾಳೆ. ಅದು ಅವರ ಕಣ್ಣಿಗೆ ಬಿದ್ದದ್ದು ಪುಸ್ತಕ ಅಂಗಡಿ ಸೇರಿದ ಮೇಲೆ. ಅಂದಿನಿಂದ ಓದುಗನೊಬ್ಬ ಕಾಗದ ಬರೆದೋ ಹಿಡಿದು ನಿಲ್ಲಿಸಿಯೋ ಕೇಳಿಯಾನೆಂಬ ದಿಗಿಲು. ಯಾರಾದರೂ “ಸಾರ್, ಒಂದ್ನಿಮಿಷ” ಎಂದರೆ ಸಾಕು, “ಅದು ಕನಸು ಕಣ್ರೀ, ಕನಸು!” ಎಂದು ಬೆವರುತ್ತಾರೆ; ಪಾಪ, ಕೇಳಿದವನಿಗೆ ಬೇಕಾದದ್ದು ಬಸ್‌ಸ್ಟಾಪಿನ ದಾರಿ. ಲೈಬ್ರರಿಯಲ್ಲಿ ತಮ್ಮ ಪುಸ್ತಕದ ಹತ್ತಿರ ಯಾರಾದರೂ ಸುಳಿದರೆ ಕಂಬದ ಮರೆಗೆ ಸರಿಯುತ್ತಾರೆ. ಮೊನ್ನೆ ನಾನೇ, “ಬಿಡಿ ಸಾರ್, ಇಷ್ಟು ವರ್ಷದಲ್ಲಿ ಒಬ್ರೂ ಕೇಳಿಲ್ವಲ್ಲ” ಎಂದು ಧೈರ್ಯ ಹೇಳಿದೆ. ಅವರ ಮುಖ ಸಣ್ಣದಾಯಿತು. “ಪುಸ್ತಕ ಅರ್ಪಣೆ ಮಾಡಿದ್ದು ನಮ್ಮನೆಯವಳಿಗೇ,” ಎಂದರು. “ಅವಳೂ ಕೇಳಿಲ್ಲ ಕಣಯ್ಯಾ.”