ಅಣಬೆ ರಾಶಿಯಲ್ಲಿ ಸಿಕ್ಕ ಹೂ

ಮಾದಾಪುರ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಒಬ್ಬಾಕೆ ಕೆಸುವಿನ ಎಲೆಯ ಮೇಲೆ ಕಾಡಿನ ಅಣಬೆ ಹರಡಿಕೊಂಡು ಕೂತಿದ್ದರು. ಕಾರು ನಿಲ್ಲಿಸಿದೆವು. ನಾನು ಒಂದೊಂದೇ ಆರಿಸುತ್ತಿದ್ದಾಗ ಕೈಗೆ ಮೇಣದಂಥ ಬಿಳಿ ಕಡ್ಡಿಯೊಂದು ಬಂತು. ಎಲೆಯಿಲ್ಲ, ಹಸಿರಿಲ್ಲ. ತುದಿಯಲ್ಲಿ ಮಾತ್ರ ಸಾಸಿವೆಯಷ್ಟು ಪುಟ್ಟ ದಳಗಳು. ಗಿಡ ಅಂದರೆ ಹಸಿರು ಎಂದೇ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಅಣಬೆಗಾದರೂ ದಳ ಎಲ್ಲಿಂದ ಬರಬೇಕು?

“ಅದು ಕಸ ಅಕ್ಕ, ಬಿಸಾಕಿ,” ಎಂದರು ಆಕೆ.

ಕಾಡುಗಿಡಗಳ ಸಂಶೋಧನೆ ಮಾಡುವ ನನ್ನ ತಂಗಿಯ ಮಗಳು ನಯನ ಅದನ್ನು ಇಸಿದುಕೊಂಡು ಲೆನ್ಸ್ ಹಿಡಿದಳು.

“ಇದು ಗಿಡವೇ ದೊಡ್ಡಮ್ಮ. ಮಣ್ಣೊಳಗಿನ ಶಿಲೀಂಧ್ರದಿಂದ ಊಟ ತಗೊಂಡು ಬದುಕುತ್ತೆ. ಇಂಥ ಹೂವನ್ನ ಇನ್ನೂ ಯಾರೂ ದಾಖಲಿಸಿಲ್ಲ, ನಂಗೆ ಗ್ಯಾರಂಟಿ. ಆದ್ರೆ ಬೆಳೆದ ಜಾಗ ನೋಡ್ದೆ ಬರೆಯೋ ಹಾಗಿಲ್ಲ.”

“ಜಾಗ ಕೇಳ್ಬೇಡ ಮಗ,” ಎಂದರು ಆಕೆ ತಣ್ಣಗೆ. “ಅಣಬೆ ಏಳೋ ಜಾಗ ನಾನು ನನ್ನ ಸೊಸೆಗೇ ತೋರ್ಸಿಲ್ಲ.”

“ನಾವೂ ಸರಿಯಾದ ಜಾಗ ಅಚ್ಚು ಹಾಕ್ಸಲ್ಲ ಅಕ್ಕ. ಗೊತ್ತಾದ್ರೆ ಬಂದು ಕಿತ್ಕೊಂಡು ಹೋಗ್ತಾರೆ.”

“ನೀನು ಕೀಳಲ್ವಾ?”

“ಇದೊಂದು ಸಾಕು. ಉಳಿದದ್ದು ನೋಡ್ತೀನಿ ಅಷ್ಟೆ.”

ಆಕೆ ಅವಳನ್ನು ಅಡಿಯಿಂದ ಮುಡಿವರೆಗೆ ಅಳೆದು ಎದ್ದರು. ಸೆರಗು ಸೊಂಟಕ್ಕೆ ಬಿಗಿದರು.

“ಫೋನು ಕಾರಲ್ಲೇ ಇಡು. ಅದು ಜಾಗ ಹೇಳ್ಬಿಡುತ್ತೆ.”

ನಾನೂ ಸೀರೆಯ ನಿರಿಗೆ ಎತ್ತಿಕೊಂಡು ಹೊರಟೆ. ಆಕೆ ಕೈ ಅಡ್ಡ ಹಿಡಿದರು.

“ನೀವು ಇಲ್ಲೇ ಕೂತು ವ್ಯಾಪಾರ ನೋಡ್ಕೊಳ್ಳಿ ಅಕ್ಕ. ಅವಳು ಹೂ ನೋಡ್ತಾಳೆ, ನೀವು ಅಣಬೆ ನೋಡ್ತೀರಿ.”