ಹಲ್ಲಿನ ಗುರುತಿದ್ದ ಹಾಕಿ ಕೋಲು

ಹುಬ್ಬಳ್ಳಿ ರೈಲ್ವೆ ಕಾರ್ಖಾನೆಯ ತಂಡಕ್ಕೆ ನಾನು ಒಂಬತ್ತು ವರ್ಷ ಹಾಕಿ ಆಡಿದೆ. ನಮ್ಮ ಐರಿಶ್ ಫೋರಮನ್ ತನ್ನ ದೇಶದಲ್ಲಿ ಹರ್ಲಿಂಗ್ ಆಡಿದವನು. ಅದರಲ್ಲಿ ಕೋಲನ್ನು ತಲೆಯೆತ್ತರ ಬೀಸಿ ಗಾಳಿಯಲ್ಲೇ ಚೆಂಡು ಹೊಡೆಯುತ್ತಾರೆ. ಹಾಕಿಯಲ್ಲಿ ಅದು ತಪ್ಪು. ಗೊತ್ತಿದ್ದೂ ಅವನಿಂದ ಕಲಿತೆ, ಧಾರವಾಡದವರ ಮೇಲಿನ ಪಂದ್ಯದಲ್ಲಿ ಬೀಸಿಯೂ ಬಿಟ್ಟೆ. ಗೋಲಾಯಿತು. ಪಕ್ಕದಲ್ಲಿ ನಮ್ಮ ತಂಡದವನೇ, ನಮಗೆಲ್ಲ ಕೋಲು ಕೆತ್ತಿಕೊಡುತ್ತಿದ್ದ ಬಡಗಿ, ಬಾಯಿ ಹಿಡಿದು ಕುಸಿದ. ಅಂಪೈರ್ ಚೆಂಡನ್ನೇ ನೋಡುತ್ತಿದ್ದ.

"ಚಂಡು ಬಡೀತ್ರಿ," ಎಂದು ಅಂಪೈರ್‌ಗೆ ಹೇಳಿಬಿಟ್ಟೆ, ನಾಚಿಕೆಗೆಟ್ಟವನು.

ಮರುದಿನ ಬಾತ ತುಟಿಯಲ್ಲೇ ಬಡಗಿ ನನ್ನ ಸೀಳಿದ ಕೋಲನ್ನು ರಿಪೇರಿಗೆ ತೆಗೆದುಕೊಂಡ. ಅದರ ಅಂಚಿನಲ್ಲಿ ಹಲ್ಲು ಒತ್ತಿದ ಗುರುತಿತ್ತು. ಬೆರಳಿಟ್ಟು ಸವರಿದ.

"ಚಂಡು ಭಾಳ ಜೋರ ಬಂದಿತ್ತೇನ್ರಿ?"

"ಹೌದಪಾ."

ಅವನು ಆ ಗುರುತಿನ ಮೇಲೇ ಬಿಗಿಯಾಗಿ ದಾರ ಸುತ್ತಿಕೊಟ್ಟ. ಆ ಕೋಲಿನಲ್ಲೇ ನಾನು ಇನ್ನೂ ನಾಲ್ಕು ವರ್ಷ ಆಡಿದೆ.